ಹಳದಿ ಸಾಲು ಕಿತ್ತ ಭಾನುವಾರ

ಮಸ್ಕಿ

ಮಸ್ಕಿಗೆ ಪರದೇಶದವರು ಬರುವುದು ಕಲ್ಲು ನೋಡಲು. ಗುಡ್ಡದ ಶಾಸನದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿದು ಮುಖ ಸಿಂಡರಿಸುತ್ತಾರೆ, ಬಂದ ಕಾರಿನಲ್ಲೇ ಹೋಗಿಬಿಡುತ್ತಾರೆ. ಆ ಮಸ್ಕಿಯಿಂದ ನಾನು ಪರದೇಶಕ್ಕೆ ಹೋಗಿದ್ದೆ, ಬೀನ್ಸ್ ನೋಡಲು. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು.

“ಬೀನ್ಸ್ ನೋಡಾಕ ಸಮುದ್ರ ದಾಟಬೇಕೇನಬೇ? ಸಿಂಧನೂರು ಸಂತಿಯಾಗ ಬುಟ್ಟಿಗಟ್ಟಲೆ ಬರ್ತಾವಲ್ಲ” ಎಂದಳು ನನ್ನಕ್ಕ ಸಾವಿತ್ರಿ.

ನಾನು ಆಗ ಲಿಂಗಸುಗೂರಿನ ಆಚೆಗಿದ್ದ ಒಂದು ಸಣ್ಣ ಬೀಜದ ಫಾರಮ್ಮಿನಲ್ಲಿ ಸಹಾಯಕಿ. ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ ‘ಕೀಳುವುದು’ ಎನ್ನುತ್ತಿದ್ದೆ. ಬೀಜಕ್ಕೆಂದು ಬಿಟ್ಟ ಹೊಲದಲ್ಲಿ ಸಾಲು ಸಾಲು ನಡೆದು, ಬೆರಕೆ ಗಿಡ, ರೋಗದ ಗಿಡ ಕಂಡಲ್ಲಿ ಬೇರುಸಮೇತ ಕಿತ್ತು ಸುಡಬೇಕು. ಏಳು ವರ್ಷ ಅದನ್ನೇ ಮಾಡಿದ್ದೆ. ಹಳದಿ ಎಲೆ ಕಂಡರೆ ಸಾಕು, ನಾನು ಬೇರೇನೋ ಯೋಚಿಸುತ್ತಿದ್ದರೂ ಕೈ ತಾನೇ ಮುಂದೆ ಹೋಗುತ್ತಿತ್ತು.

ನನ್ನ ಮಾವನವರಿಗೆ ವಳಕಮದಿನ್ನಿಯಲ್ಲಿ ಕಾಲುವೆಯ ತೀರ ಕೊನೆಗೆ ಮೂರು ಎಕರೆ ಹೊಲ. ಮೇಲಿನವರ ಭತ್ತ ಕುಡಿದು ಬಿಟ್ಟ ನೀರು ಇವರಿಗೆ. “ಮಾವ, ಭತ್ತ ಬಿಡ್ರಿ. ಚಳಿಗಾಲಕ್ಕ ರಾಜ್ಮಾ ಹಾಕೋಣು. ನಾಕು ನೀರು ಸಾಕು, ಮೂರು ತಿಂಗಳದಾಗ ಕೈಗೆ ಬರ್ತೈತಿ” ಎಂದು ಅವರ ತಲೆ ತಿಂದು ಒಂದು ಎಕರೆ ಹಾಕಿಸಿದವಳು ನಾನೇ. ಹೂ ಬಿಡುವ ಹೊತ್ತಿಗೆ ಹೊಲಕ್ಕೆಲ್ಲ ಅರಿಶಿನ ಎರಚಿದಂತಾಯಿತು. ಬಿಳಿ ನೊಣ ಹೊತ್ತು ತರುವ ಹಳದಿ ರೋಗ. ಕಾಯಿ ಮುರುಟಿದವು, ಕಾಳು ಜೊಳ್ಳಾದವು. ಮಾವ ಬದುವಿನ ಮೇಲೆ ನಿಂತು ಬಹಳ ಹೊತ್ತು ನೋಡಿದರು. “ಇರ್ಲಿ ಬಿಡವ್ವಾ, ನೀ ಏನ್ ಬೇಕಂತ ಮಾಡಿಯೇನು” ಎಂದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ರಾಜ್ಮಾ ಎಂದರೆ ಬೀನ್ಸಿನ ಒಣಕಾಳೇ. ಈ ರೋಗಕ್ಕೆ ಬಗ್ಗದ ಬೀನ್ಸ್ ತಳಿ ಮಾಡುತ್ತಿರುವ ದೇಶವೊಂದಿದೆ, ಅಲ್ಲಿ ಮೂರು ತಿಂಗಳ ತರಬೇತಿಗೆ ಒಬ್ಬರನ್ನು ಕಳಿಸಬಹುದು ಎಂದು ಫಾರಮ್ಮಿಗೆ ಕಾಗದ ಬಂತು. ಹೋಗಬೇಕಾದವರಿಗೆ ಅದೇ ತಿಂಗಳು ಮದುವೆ ಗೊತ್ತಾಗಿ, ಹೆಸರು ನನ್ನದಾಯಿತು. ಮಗಳು ಸುಜಿಗೆ ಆಗ ಒಂದು ವರ್ಷ ಎಂಟು ತಿಂಗಳು. ಗಂಡ ಗೊರೇಬಾಳದ ಶಾಲೆಯಲ್ಲಿ ಮಾಸ್ತರು. ಅಕ್ಕನಿಗೆ ಇಬ್ಬರು ಗಂಡುಮಕ್ಕಳಿದ್ದರು, ಹೆಣ್ಣುಮಗು ಎಂದರೆ ಪ್ರಾಣ. ಮಗುವನ್ನು ಅವಳ ಮನೆಯಲ್ಲಿ ಬಿಡುವುದು, ಗಂಡ ಪ್ರತಿ ಭಾನುವಾರ ಬಂದು ನೋಡಿ ನನಗೆ ಪತ್ರ ಬರೆಯುವುದು ಎಂದಾಯಿತು.

“ಮೂರ ತಿಂಗಳು ಹೌದಿಲ್ಲೋ?” ಎಂದಳು ಅಕ್ಕ.

“ಮೂರ ಅಕ್ಕ. ಒಂದಿನ ಹೆಚ್ಚಿಲ್ಲ.”

ನಾನು ಬಸ್ಸು ಹತ್ತಿದಾಗ ಸುಜಿ ಅಳಲಿಲ್ಲ. ಅಕ್ಕನ ಸೊಂಟದ ಮೇಲೆ ಕುಳಿತು ಟಾಟಾ ಮಾಡಿದಳು. ನನಗಲ್ಲ, ಬಸ್ಸಿಗೆ.

ಮೂರು ವಿಮಾನ, ಒಂದು ಗಂಟು

ವಿಮಾನದ ವಿಷಯ ಬಹಳ ಜನ ಬರೆದಿದ್ದಾರೆ, ನಾನು ಬರೆಯುವುದಿಲ್ಲ. ಮೂರು ವಿಮಾನ ಬದಲಿಸಿದೆ, ಮೂರರಲ್ಲೂ ವಾಂತಿ ಮಾಡಿಕೊಂಡೆ.

ನಾನು ಇಳಿದದ್ದು ಅಮೆರಿಕದ ಕೆಳಗೆ ಸಮುದ್ರದ ನಡುವೆ ಇರುವ ಡೊಮಿನಿಕನ್ ಗಣರಾಜ್ಯ ಎಂಬ ದೇಶದಲ್ಲಿ. ಅದು ಒಂದು ದ್ವೀಪದ ಮೂರರಲ್ಲಿ ಎರಡು ಪಾಲು. ಅಲ್ಲಿಯ ಕಸ್ಟಮ್ಸಿನವನು ನನ್ನ ಗಂಟು ಬಿಚ್ಚಿಸಿದ. ಒಳಗೆ ನಲವತ್ತು ಕಟಕ್ ರೊಟ್ಟಿ, ಎರಡು ಡಬ್ಬಿ ಶೇಂಗಾದ ಹಿಂಡಿ, ಅದೇ ಚಟ್ನಿಪುಡಿ. ಅವನು ಒಂದು ರೊಟ್ಟಿ ಎತ್ತಿ ಬೆರಳಿನಿಂದ ಬಡಿದ. ಅದು ಟಣ್ ಎಂದಿತು. ಇನ್ನೊಬ್ಬನನ್ನು ಕರೆದ, ಅವನೂ ಬಡಿದ. ಇದು ತಿನ್ನುವ ಪದಾರ್ಥ ಎಂದು ತೋರಿಸಲು ನಾನೇ ಒಂದು ಚೂರು ಮುರಿದು ಕಟಕಟ ಅಗಿದೆ. ಇಬ್ಬರೂ ಬಾಯಿ ಬಿಟ್ಟು ನೋಡಿದರು. ಮರ್ಯಾದೆಗೆ ಹಿಂಡಿ ಹಚ್ಚಿ ಅವರಿಗೂ ಒಂದೊಂದು ತುಂಡು ಕೊಟ್ಟೆ. ಮೊದಲನೆಯವನ ಕಣ್ಣಲ್ಲಿ ಬಂದ ನೀರು ಖಾರದ್ದು.

ರೊಟ್ಟಿಯ ಕೆಳಗೆ ಸುಜಿಯ ಅಂಗಿ ಇತ್ತು. ತೊಳೆಯದ ಅಂಗಿ. ಬೇಕೆಂದೇ ತೊಳೆದಿರಲಿಲ್ಲ, ಕೊಬ್ಬರಿ ಎಣ್ಣೆಯ, ಹಾಲಿನ ವಾಸನೆ ಹೋಗಬಾರದೆಂದು. ಅವನು ಅದನ್ನು ಎತ್ತಿ ಹಿಡಿದು ನನ್ನ ಮುಖ ನೋಡಿದ. ಆಮೇಲೆ ಮಡಚಲು ಬಾರದ ಕೈಯಿಂದ ಹೇಗೋ ಮಡಚಿ ಒಳಗಿಟ್ಟು, ಗಂಟು ತಾನೇ ಕಟ್ಟಿಕೊಟ್ಟ.

ಕಣಿವೆ

ನಾನು ಹೋದ ಜಾಗ ಬೆಟ್ಟಗಳ ನಡುವಿನ ಒಂದು ಅಗಲವಾದ ಕಣಿವೆ. ಜೀಪು ಒಳಗೆ ಇಳಿಯುತ್ತಿದ್ದ ಹಾಗೆ ಕಾಲುವೆ ಕಂಡಿತು. ಕಾಲುವೆಯ ಎರಡೂ ಬದಿ ಭತ್ತದ ಗದ್ದೆ, ಕೆಸರು ಮೆತ್ತಿದ ಟ್ರ್ಯಾಕ್ಟರು, ಹಿಂದೆ ನೇತಾಡುವ ಕೂಲಿಯವರು. ಅಯ್ಯೋ ನನ್ನವ್ವ, ಇದು ನಮ್ಮ ಜವಳಗೇರಾ ಊರೇ! ಇನ್ನೊಂದು ತಿರುವು ದಾಟಿದರೆ ಸಿಂಧನೂರು ಬಸ್ಸು ಬರಬೇಕು ಎನ್ನಿಸಿತು. ಬರಲಿಲ್ಲ. ಅಷ್ಟು ಹೊತ್ತು ತಡೆದಿದ್ದ ಅಳು ಆಗ ಬಂತು.

ಅಲ್ಲಿ ಮಧ್ಯಾಹ್ನದ ಊಟವೆಂದರೆ ಅನ್ನ, ಮೇಲೆ ಬೀನ್ಸ್ ಕಾಳಿನ ಸಾರು. ದಿನಾ ಅದೇ, ಬಡವರಿಗೂ ಅದೇ, ಸಾಹುಕಾರರಿಗೂ ಅದೇ. ಹಳದಿ ರೋಗ ಬಂದು ಒಂದು ವರ್ಷ ಕಾಳು ಹಾಳಾದರೆ ದೇಶವೇ ಮೋರೆ ಸಣ್ಣದು ಮಾಡಿಕೊಳ್ಳುತ್ತದೆ. ತಳಿಯ ಕೆಲಸ ನೋಡುವ ಅಧಿಕಾರಿಯನ್ನು ಎಲ್ಲರೂ ‘ಇಂಜಿನಿಯರ್’ ಎಂದು ಕರೆಯುತ್ತಿದ್ದರು. ನಮ್ಮಲ್ಲಿ ಇಂಜಿನಿಯರ್ ಎಂದರೆ ಕಾಲುವೆಗೆ ನೀರು ಬಿಡುವವನು. ನಾನು ಮೊದಲ ದಿನವೇ ಅವರನ್ನು “ಕೊನೆಯ ಹೊಲಕ್ಕೆ ನೀರು ಯಾವಾಗ ಬಿಡುತ್ತೀರಿ?” ಎಂದು ನನ್ನ ಹರಕು ಇಂಗ್ಲಿಷಿನಲ್ಲಿ ಕೇಳಿಬಿಟ್ಟೆ.

ನಾನು ಉಳಿದುಕೊಂಡದ್ದು ಹೊಲದ ಹೆಣ್ಣಾಳುಗಳ ಮೇಸ್ತ್ರಿ ಮರೀನಾಳ ಮನೆಯಲ್ಲಿ. ಐವತ್ತು ದಾಟಿದ ಗಟ್ಟಿ ಹೆಂಗಸು. ಹುಲಿಗೆಮ್ಮ ಎಂಬ ನನ್ನ ಹೆಸರು ಅವಳ ಬಾಯಲ್ಲಿ ‘ಉಲಿ’ ಆಯಿತು. ಮನೆಯೊಳಗೆ ಮಂಚ ಮುರಿದಿದ್ದರೂ ಪಡಸಾಲೆಯಲ್ಲಿ ಎರಡು ತೂಗುವ ಕುರ್ಚಿ ಇರಲೇಬೇಕು, ಸಂಜೆ ಅದರಲ್ಲಿ ತೂಗುತ್ತ ಹೋಗಿ ಬರುವವರನ್ನೆಲ್ಲ ಮಾತಾಡಿಸಬೇಕು. ಅದು ಅಲ್ಲಿಯ ಪದ್ಧತಿ. ಇನ್ನೊಂದು ಪದ್ಧತಿ ನನ್ನನ್ನು ಸಿಕ್ಕಿಹಾಕಿಸಿತು. ಅವರು ದಿಕ್ಕು ತೋರಿಸುವುದು ಕೈಯಿಂದಲ್ಲ, ತುಟಿ ಮುಂದೆ ಮಾಡಿ. ಬಚ್ಚಲು ಎಲ್ಲಿ ಎಂದು ನಾನು ಸನ್ನೆಯಲ್ಲಿ ಕೇಳಿದರೆ ಮರೀನಾ ಹಿತ್ತಲ ಕಡೆ ತುಟಿ ಚೂಪು ಮಾಡಿದಳು. ಅಲ್ಲಿ ಇಂಜಿನಿಯರ್ ನಿಂತಿದ್ದರು. ಈ ವಯಸ್ಸಿನಲ್ಲಿ ಇದೇನು ಚೇಷ್ಟೆ ಎಂದು ನಾನು ಮುಖ ತಿರುಗಿಸಿಕೊಂಡು, ಇನ್ನೂ ಅರ್ಧ ಗಂಟೆ ತಡೆದುಕೊಂಡೆ.

ಅವಳದು ಸ್ಪ್ಯಾನಿಷ್, ನನ್ನದು ಕನ್ನಡ. ಅವಳು ಅವಳದರಲ್ಲಿ, ನಾನು ನನ್ನದರಲ್ಲಿ ಮಾತಾಡಿದೆವು. ಹದಿನೈದು ದಿನಕ್ಕೆ ಇಬ್ಬರಿಗೂ ತಿಳಿಯತೊಡಗಿತು. ಹೇಗೆ ಎಂದು ಕೇಳಬೇಡಿ. ಅವಳ ಮಾತು ನನ್ನ ಕಿವಿಗೆ ನಮ್ಮೂರ ಮಾತಾಗಿಯೇ ಬೀಳುತ್ತಿತ್ತು. ಇಲ್ಲಿ ಹಾಗೆಯೇ ಬರೆಯುತ್ತೇನೆ.

ಪತ್ರಗಳು

ಗಂಡನ ಪತ್ರ ಬರಲು ಎರಡು ವಾರಕ್ಕಿಂತ ಹೆಚ್ಚು ಹಿಡಿಯುತ್ತಿತ್ತು. ಉದ್ದ ಬರೆಯುವ ಮನುಷ್ಯನಲ್ಲ. ಆ ವಾರ ಸುಜಿ ಕಲಿತ ಹೊಸ ಮಾತುಗಳನ್ನು ಮಾತ್ರ, ಶಾಲೆಯ ಹಾಜರಿ ಪುಸ್ತಕದಲ್ಲಿ ಬರೆದಂತೆ, ಒಂದರ ಕೆಳಗೊಂದು ಬರೆಯುತ್ತಿದ್ದರು. ‘ಎಮ್ಮಿ. ಚಂದಪ್ಪ. ಒಲ್ಲೆ.’ ಮುಂದಿನ ವಾರ: ‘ಬಸ್ಸು ಬಂತು. ಬಿಸಿ. ಒಲ್ಲೆ ಅಂದ್ರ ಒಲ್ಲೆ.’

ನಾನು ಆ ಮಾತುಗಳನ್ನು ಹೊಲದಲ್ಲಿ ಸಾಲಿನ ನಡುವೆ ಕೂತು ಅವಳ ದನಿಯಲ್ಲಿ ಹೇಳಿ ನೋಡುತ್ತಿದ್ದೆ. ‘ಒಲ್ಲೆ’ ಅನ್ನುವಾಗ ಅವಳು ಮೂಗು ಏರಿಸುತ್ತಾಳೋ, ತಲೆ ಆಡಿಸುತ್ತಾಳೋ? ನನ್ನ ಮಗಳ ಬಾಯಿಂದ ಹೊರಟ ಮಾತು ಮೂರನೆಯ ವಾರಕ್ಕೆ ನನಗೆ ಕಾಗದದಲ್ಲಿ ಸಿಗುತ್ತಿತ್ತು. ಅಷ್ಟರಲ್ಲಿ ಅವಳು ಇನ್ನೆಷ್ಟು ಕಲಿತಿರುತ್ತಾಳೋ ಎಂದು ಲೆಕ್ಕ ಹಾಕುತ್ತಿದ್ದೆ. ಅಂಗಿಯ ವಾಸನೆ ಆಗಲೇ ಹೋಗಿತ್ತು. ರೊಟ್ಟಿಯ ವಾಸನೆ ಬರುತ್ತಿತ್ತು.

ಐದನೆಯ ವಾರದ ಪತ್ರದಲ್ಲಿ ನಾಲ್ಕು ಮಾತಿದ್ದವು. ನಾಲ್ಕನೆಯದನ್ನು ಬರೆದು ಗೀಚಿ ಹೊಡೆದುಹಾಕಿದ್ದರು. ನಾನು ಕಾಗದವನ್ನು ಬಿಸಿಲಿಗೆ ಹಿಡಿದೆ. ಗೀಚಿನ ಕೆಳಗೆ ಅಕ್ಷರ ಕಂಡಿತು: ‘ಸಾವಿತ್ರಕ್ಕಗ ಯವ್ವ ಅಂತಾಳ.’

ಆ ಮನೆಯ ಇಬ್ಬರು ಹುಡುಗರು ದಿನವಿಡೀ ಅಕ್ಕನನ್ನು ಯವ್ವ, ಯವ್ವ ಎಂದು ಕೂಗುತ್ತಾರೆ. ಕೂಸು ಕೇಳಿದ್ದನ್ನು ಕಲಿತಿದೆ, ಅದಕ್ಕೇನು ಗೊತ್ತು. ಇಷ್ಟೆಲ್ಲ ನನಗೂ ತಿಳಿಯುತ್ತಿತ್ತು. ತಿಳಿದರೂ ಆ ಗೀಚನ್ನು ಮತ್ತೆ ಮತ್ತೆ ಬಿಸಿಲಿಗೆ ಹಿಡಿದೆ.

ಆ ಭಾನುವಾರ

ಪತ್ರ ಬಂದದ್ದು ಶನಿವಾರ. ಮರುದಿನ ಮರೀನಾ ಬಿಳಿ ಲಂಗ ತೊಟ್ಟು ಚರ್ಚಿಗೆ ಹೋದಳು. ನಾನೊಬ್ಬಳೇ. ತೂಗುವ ಕುರ್ಚಿಯಲ್ಲಿ ಕೂತರೆ ತಲೆ ಕೆಟ್ಟು ಹೋಗುತ್ತದೆ ಎನ್ನಿಸಿ ಹೊಲಕ್ಕೆ ಹೋದೆ.

ಅಲ್ಲಿ ನಲವತ್ತು ಬಗೆಯ ಬೀನ್ಸ್ ತಳಿ ಹಾಕಿದ್ದರು. ರೋಗ ತಡೆದು ನಿಂತದ್ದರ ಬೀಜ ನಮ್ಮ ಊರಿಗೆ ಬರಬೇಕು, ಅದಕ್ಕೇ ನಾನು ಬಂದದ್ದು. ಬಿತ್ತನೆ ನಾನು ಬರುವ ಒಂದು ವಾರ ಮುಂಚೆ ಮುಗಿದಿತ್ತು, ಯಾವ ಸಾಲು ಯಾತಕ್ಕೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಆವತ್ತು ನೋಡಿದರೆ ತಳಿಗಳ ನಡುನಡುವೆ ಪೂರ್ತಿ ಹಳದಿಯಾದ ಸಾಲುಗಳು! ಎಲೆ ಮುಟ್ಟಿದರೆ ಬಿಳಿ ನೊಣ ಬೂದಿಯ ಹಾಗೆ ಏಳುತ್ತಿದ್ದವು. ಇಷ್ಟು ಜನ ಇದ್ದೂ ಒಬ್ಬರಿಗೂ ಕಣ್ಣಿಲ್ಲವೇ ಎಂದು ಮೈ ಉರಿಯಿತು. ಸೆರಗು ಸೊಂಟಕ್ಕೆ ಸಿಗಿಸಿದೆ.

ಎಷ್ಟು ಕಿತ್ತೆನೋ. ಅಳುತ್ತಲೇ ಕಿತ್ತೆ. ಒಂದು ಬೇರೂ ಉಳಿಸಲಿಲ್ಲ. ಬದುವಿನ ಮೇಲೆ ಗುಡ್ಡೆ ಹಾಕಿ, ಒಣಗಿದ ಹುಲ್ಲು ಕೂಡಿಸಿ ಬೆಂಕಿ ಇಟ್ಟೆ. ಹಸಿ ಗಿಡದ ಹೊಗೆ ಹೊಲದ ತುಂಬ ಆಡಿತು, ನೊಣವೆಲ್ಲ ಹಾರಿ ಹೋದವು. ಬೆನ್ನು ನೋಯುತ್ತಿತ್ತು, ಮನಸ್ಸು ಹಗುರಾಗಿತ್ತು. ಶಾಭಾಸ್ ಎನ್ನುತ್ತಾರೆ ಎಂದು ಕಾಯುತ್ತ ಕೂತೆ.

ಹೊಗೆ ಕಂಡು ಮರೀನಾ ಚರ್ಚಿನಿಂದ ನೇರ ಓಡಿ ಬಂದಳು. ಬಂದವಳು ಎರಡೂ ಕೈ ತಲೆಯ ಮೇಲಿಟ್ಟುಕೊಂಡಳು.

“ಉಲಿ! ಏನ್ ಮಾಡೀಬೇ? ಯಾರು ಹೇಳಿದ್ರು ನಿನಗ?”

“ಯಾರ್ ಹೇಳಬೇಕು? ರೋಗ ಬಂದಿತ್ತು, ಕಿತ್ತೀನಿ.”

ಅವಳು ಕೆಸರಿನಲ್ಲಿ, ಆ ಬಿಳಿ ಲಂಗದಲ್ಲೇ, ಕುಕ್ಕರಿಸಿದಳು.

ಮರುಬಿತ್ತನೆ

ಇಂಜಿನಿಯರ್ ಬಯ್ಯಲಿಲ್ಲ. ಇವರೂ ಮಾವನ ಜಾತಿಯ ಮನುಷ್ಯ. ಖಾಲಿ ಸಾಲುಗಳ ನಡುವೆ ಒಂದು ಸುತ್ತು ಹಾಕಿ ಬಂದು, “ಇಷ್ಟು ಚೊಕ್ಕಟ ಕೆಲಸ ಮಾಡಿದವರನ್ನು ನಾನು ಈವರೆಗೆ ಕಂಡಿಲ್ಲ ಮೇಡಂ” ಎಂದರು. ಆಮೇಲೆ ನೆಲದ ಮೇಲೆ ಕಡ್ಡಿಯಿಂದ ಗೀರಿ ತಿಳಿಸಿದರು. ಆ ಹಳದಿ ಸಾಲುಗಳು ಬೇಕೆಂದೇ ಹಾಕಿದವು. ರೋಗಕ್ಕೆ ಬಲುಬೇಗ ಬೀಳುವ ತಳಿ ಅದು. ಅದರ ಮೇಲೆ ನೊಣ ಬೆಳೆಯಬೇಕು, ಅಲ್ಲಿಂದ ಪಕ್ಕದ ನಲವತ್ತು ತಳಿಗಳ ಮೇಲೆ ಹಾರಬೇಕು, ಆಗ ಯಾವುದು ಬೀಳುತ್ತದೆ ಯಾವುದು ನಿಲ್ಲುತ್ತದೆ ಎಂದು ಗೊತ್ತಾಗುವುದು. ರೋಗವೇ ಬಾರದ ಹೊಲದಲ್ಲಿ ಎಲ್ಲ ಗಿಡವೂ ಹಸಿರೇ.

ನೆಲ ಬಾಯಿ ಬಿಟ್ಟರೆ ಒಳಗೆ ಹೋಗಿಬಿಡಬೇಕು ಎನ್ನಿಸಿತು. ಏಳು ವರ್ಷ ಅನ್ನ ಕೊಟ್ಟ ಕೈ ಅದು. ಅದೇ ಕೈ ಕೆಡಿಸಿತ್ತು.

ಈಗ ಉಳಿದದ್ದು ಎರಡೇ ದಾರಿ. ಮೂರು ತಿಂಗಳು ಮುಗಿದ ಕೂಡಲೇ ಬರಿಗೈಯಲ್ಲಿ ಹೊರಡುವುದು. ಇಲ್ಲ, ಎಲ್ಲವನ್ನೂ ಮತ್ತೆ ಬಿತ್ತಿ, ಇನ್ನೂ ಎರಡು ತಿಂಗಳ ಮೇಲೆ ನಿಲ್ಲುವುದು. ಮುಂದಿನ ಭಾನುವಾರ ಮಸ್ಕಿಯ ಕಿರಾಣಿ ಅಂಗಡಿಗೆ ಫೋನ್ ಮಾಡಿ, ಮನೆಯವರನ್ನು ಕರೆಸಿರಿ ಎಂದೆ. ಅರ್ಧ ಗಂಟೆ ಬಿಟ್ಟು ಮತ್ತೆ ಮಾಡಿದೆ. ಗಂಡ ಬಂದರು. ನಡೆದದ್ದನ್ನೆಲ್ಲ ಹೇಳಿದೆ.

“ಬಾ ಅಂದ್ರ ಬರ್ತೀನ್ರಿ. ಈಗ ಬರ್ತೀನಿ” ಎಂದೆ.

“ಅಪ್ಪ ದಿನಾ ಆ ಹೊಲಕ್ಕ ಹೋಗಿ ಸುಮ್ನ ಕೂತು ಬರಾಕತ್ತಾನ” ಎಂದರು. “ಬೀಜ ಬಿಟ್ಟು ಬಂದ್ರ ನೀನೂ ಹಂಗ ಕೂಡ್ತಿ. ಇರು ಹುಲಿಗಿ. ಕೂಸು ಚೆಂದ ಅದಾಳ, ಫಿಕರ್ ಮಾಡಬ್ಯಾಡ.”

“ಆಕೀ ಕೈಯಾಗ ಕೊಡ್ರಿ.”

ಫೋನು ಸುಜಿಯ ಬಾಯಿಗೆ ಹಿಡಿದರು. ಮಾತಿಲ್ಲ. ಉಸಿರಾಟ ಮಾತ್ರ ಕೇಳುತ್ತಿತ್ತು, ಸ್ವಲ್ಪ ನೆಗಡಿಯಾದ ಉಸಿರು. “ಸುಜೀ, ಎಮ್ಮಿ ಅನ್ನು. ಒಲ್ಲೆ ಅನ್ನಬೇ” ಎಂದೆ. ಏನೂ ಅನ್ನಲಿಲ್ಲ. ನಾನೂ ಸುಮ್ಮನೆ ಆ ಉಸಿರು ಕೇಳುತ್ತ ನಿಂತೆ, ಲೈನು ಕಡಿಯುವವರೆಗೆ.

ಮರುದಿನ ಹೊಲಕ್ಕೆ ಹೋಗಿ, ಮೊಟ್ಟಮೊದಲು ಆ ರೋಗ ಹಿಡಿಯುವ ಸಾಲನ್ನು ನನ್ನ ಕೈಯಾರೆ ಬಿತ್ತಿದೆ.

ಸಿಹಿ ಕಾಳಿನ ವಾರ

ತಡವಾಗಿ ಬಿತ್ತಿದ ಬೆಳೆಗೆ ನೊಣದ ಕಾಟ ಇನ್ನೂ ಹೆಚ್ಚು. ನನ್ನ ಕೈಯಿಂದಲೇ ಮೊಳೆತ ಗಿಡಗಳು ಒಂದೊಂದಾಗಿ ಹಳದಿಯಾಗುವುದನ್ನು ಕೈ ಕಟ್ಟಿ ನೋಡಬೇಕು. ನಾನು ನಿಜವಾಗಿಯೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಡೆಯುತ್ತಿದ್ದೆ. ಹೆಣ್ಣಾಳುಗಳು ನನ್ನನ್ನು ಕಂಡರೆ ತಾವೂ ಕೈ ಹಿಂದೆ ಕಟ್ಟಿ ಸಾಲಾಗಿ ನಿಂತು ನಗುತ್ತಿದ್ದರು. “ಉಲಿ ಬಂದ್ಲು, ಬೆಂಕಿಪೆಟ್ಟಿಗಿ ಮುಚ್ಚಿಡ್ರಿ!”

ಈಸ್ಟರ್ ಹಬ್ಬಕ್ಕೆ ಮುಂಚಿನ ಅವರ ದೊಡ್ಡ ಉಪವಾಸದ ವಾರಗಳು ಬಂದವು. ಆಗ ಅವರಲ್ಲಿ ಕೆಂಪು ಬೀನ್ಸಿನ ಸಿಹಿ ಮಾಡುತ್ತಾರೆ. ಕಾಳು ಬೇಯಿಸಿ ಅರೆದು ಸೋಸಿ, ತೆಂಗಿನ ಹಾಲು, ಸಕ್ಕರೆ, ಚಕ್ಕೆ, ಗೆಣಸು ಹಾಕಿ ದೊಡ್ಡ ಪಾತ್ರೆಯಲ್ಲಿ ಕುದಿಸಿ ಓಣಿಗೆಲ್ಲ ಹಂಚುತ್ತಾರೆ. ಬೀನ್ಸಿನಲ್ಲಿ ಸಿಹಿ ಎಂದರೆ ಮೊದಲು ನನಗೂ ನಗು ಬಂತು. ಬಾಯಿಗಿಟ್ಟರೆ ಹೋಳಿಗೆಯ ಹೂರಣ ನೀರು ಮಾಡಿದಂತೆ. ಅಕ್ಕ ಹೂರಣ ರುಬ್ಬುವಾಗ ಸುಜಿ ಒರಳಿಗೆ ಬೆರಳು ಹಾಕುತ್ತಿದ್ದುದು ನೆನಪಾಯಿತು.

ಪಾತ್ರೆ ತಿರುವುತ್ತ ಮರೀನಾ ಗೋಡೆಯ ಕಡೆ ತುಟಿ ಚೂಪು ಮಾಡಿದಳು. ಅಲ್ಲಿ ಒಬ್ಬ ಹುಡುಗಿಯ ಫೋಟೊ ಇತ್ತು. ಮಗಳು ಎಂದು ನಾನು ತಿಳಿದಿದ್ದೆ.

“ಹೆತ್ತದ್ದು ನಾ ಅಲ್ಲ, ನನ್ನ ತಂಗಿ” ಎಂದಳು. “ಆಕಿ ದುಡ್ಯಾಕ ನ್ಯೂಯಾರ್ಕಿಗೆ ಹೋದ್ಲು. ಆಗ ಹುಡುಗಿಗೆ ಎರಡು ವರ್ಷ. ನಾ ಸಾಕೀನಿ. ನನಗ ಅವ್ವ ಅಂತಾಳ.”

“ಮತ್ತ ಹೆತ್ತಾಕಿಗೆ ಏನಂತಾಳ?”

ಮರೀನಾ ಪಾತ್ರೆ ತಳ ಹಿಡಿಯುತ್ತಿದೆ ಎಂಬಂತೆ ಜೋರಾಗಿ ತಿರುವತೊಡಗಿದಳು. ಆಮೇಲೆ ಮೊದಲ ಬಟ್ಟಲು ನನಗೇ ತುಂಬಿಕೊಟ್ಟಳು.

ಕೊಯ್ಲಿಗೆ ನಲವತ್ತರಲ್ಲಿ ಮೂರು ತಳಿ ಹಸಿರಾಗಿ ನಿಂತಿದ್ದವು. ಸುತ್ತ ಹಳದಿ, ನಡುವೆ ಅವು ಮೂರು. ಮರೀನಾ ಕಾಳು ಬಿಡಿಸಿ ಮೂರು ಕಾಗದದ ಪೊಟ್ಟಣ ಕಟ್ಟಿದಳು. ಬೀಜವನ್ನು ಕೈಯಲ್ಲಿ ಒಯ್ಯುವಂತಿಲ್ಲ, ತಪಾಸಣೆ ಮುಗಿಸಿ ಸರ್ಕಾರದ ದಾರಿಯಿಂದಲೇ ಬರಬೇಕು. ಹಾಗಾಗಿ ಐದೂವರೆ ತಿಂಗಳ ಮೇಲೆ ನಾನು ಹೊರಟಾಗ ನನ್ನ ಗಂಟಿನಲ್ಲಿ ಖಾಲಿ ಡಬ್ಬಿ ಎರಡು, ಸುಜಿಯ ಅಂಗಿ ಒಂದು. ಮರೀನಾ ಅಪ್ಪಿಕೊಂಡು ನನ್ನ ಬೆನ್ನಿನ ಮೇಲೆ ಎರಡು ಸಲ ಗಟ್ಟಿಯಾಗಿ ಹೊಡೆದಳು. ಯಾವುದಕ್ಕೆ ಗಟ್ಟಿಯಾಗು ಎಂದು ಹೊಡೆದಳೋ ಅದು ಮಸ್ಕಿಗೆ ಬಂದ ಮೇಲೆ ತಿಳಿಯಿತು.

ಮತ್ತೆ ಮಸ್ಕಿ

ಮೇ ತಿಂಗಳ ಬಿಸಿಲು. ಬಸ್ಸು ಇಳಿದು ಓಣಿಯ ತಿರುವಿಗೆ ಬಂದೆ. ಅಕ್ಕನ ಹುಡುಗರು ಮೊದಲು ಕಂಡರು. ಅವರಿಗೆ ನಾನು ಚಿಗವ್ವ, ಅಂದರೆ ಚಿಕ್ಕಮ್ಮ. “ಚಿಗವ್ವ ಬಂದ್ಲು! ಚಿಗವ್ವ ಬಂದ್ಲು!” ಎಂದು ಕೂಗುತ್ತ ಓಡಿ ಬಂದರು. ಅವರ ಹಿಂದೆ ಗೇಣುದ್ದದ ಜಡೆ ಹಾಕಿಕೊಂಡ ಒಂದು ಹುಡುಗಿ.

ಸುಜಿ ನನ್ನನ್ನು ಕಂಡು ಅಳುತ್ತಾಳೆ, ಅಡಗುತ್ತಾಳೆ ಎಂದೆಲ್ಲ ಅಂದುಕೊಂಡು ಬಂದಿದ್ದೆ. ಅವಳು ಅಳಲಿಲ್ಲ. ನಗುತ್ತ ಬಂದು ನನ್ನ ಮೊಣಕಾಲು ಅಪ್ಪಿಕೊಂಡು, ಮುಖ ಮೇಲೆತ್ತಿ, ಸ್ವಚ್ಛವಾಗಿ ಕೂಗಿದಳು: “ಚಿಗವ್ವ ಬಂದ್ಲು!”

ಬಾಗಿಲಲ್ಲಿ ನಿಂತಿದ್ದ ಅಕ್ಕನ ಮುಖ ಸುಣ್ಣದ ಹಾಗಾಯಿತು. “ಹಂಗನಬಾರದಬೇ, ಆಕಿ ನಿಮ್ಮವ್ವ! ಯವ್ವ ಅನ್ನು!” ಎಂದು ಓಡಿ ಬಂದಳು. ಸುಜಿ ಗಾಬರಿಯಾಗಿ ಅಕ್ಕನ ಸೀರೆ ಹಿಡಿದುಕೊಂಡಳು.

“ಇರ್ಲಿ ಬಿಡಕ್ಕ, ಅಂಜಸಬ್ಯಾಡ” ಎಂದೆ. ಕೆಳಗೆ ಕೂತು ಕೈ ಚಾಚಿದೆ. “ಹೌದಬೇ, ಚಿಗವ್ವ ಬಂದೀನಿ.”

ಅವಳು ಬಂದಳು. ಅಷ್ಟು ದಿನ ಕಾಗದದಲ್ಲಿ ಓದಿದ ಮಾತನ್ನೆಲ್ಲ ಆ ಒಂದು ಸಂಜೆ ನನಗೆ ಹೇಳಿದಳು. ‘ಒಲ್ಲೆ’ ಅನ್ನುವಾಗ ಮೂಗು ಏರಿಸುತ್ತಾಳೆ.

ವಳಕಮದಿನ್ನಿ

ಬೀಜ ಬಂದದ್ದು ಮಳೆಗಾಲ ಕಳೆದ ಮೇಲೆ. ಮೂರು ಪೊಟ್ಟಣವೂ ಬಂದವು. ಮಾವನವರ ಹೊಲದಲ್ಲೇ ಹಾಕಿದೆ, ನಡುವೆ ಎರಡು ಸಾಲು ರೋಗಕ್ಕೆ ಬೀಳುವ ಹಳೆಯ ರಾಜ್ಮಾ. “ಏನವ್ವಾ, ರೋಗ ಬಿತ್ತಾಕೂ ನನ್ನ ಹೊಲಾನ ಬೇಕಾತೇನು?” ಎಂದು ಮಾವ ಗೊಣಗಿದರು, ಆದರೂ ನೀರು ಕಟ್ಟಿದರು. ಅಷ್ಟರಲ್ಲಿ ಸುಜಿ ನಮ್ಮ ಜೊತೆಗೆ ಬಂದು ಇರತೊಡಗಿದ್ದಳು. ಯಾರೂ ಅವಳಿಗೆ ಹೇಳಿಕೊಡಬಾರದು ಎಂದು ನಾನು ಕಟ್ಟುನಿಟ್ಟು ಮಾಡಿದ್ದೆ. ಅವಳು ನನ್ನನ್ನು ಒಮ್ಮೆ ಚಿಗವ್ವ ಅನ್ನುತ್ತಿದ್ದಳು, ಒಮ್ಮೆ ಏನೂ ಅನ್ನದೆ ಸೆರಗು ಜಗ್ಗುತ್ತಿದ್ದಳು. ಮಸ್ಕಿಯ ಯವ್ವ ಯಾವಾಗ ಬರ್ತಾಳ ಎಂದು ಕೇಳುತ್ತಿದ್ದಳು. ನಾನು ಹೊರಗೆ ನಗುತ್ತ, ಒಳಗೆ ಬೇಯುತ್ತ ಆರು ತಿಂಗಳ ಮೇಲೆ ಕಳೆದೆ.

ಚಳಿಗಾಲದ ಒಂದು ಬೆಳಿಗ್ಗೆ ನಾನು ಬುತ್ತಿ ತೆಗೆದುಕೊಂಡು ಹೊಲಕ್ಕೆ ಬಂದೆ. ಮಾವ, ಸುಜಿ ಮುಂಚೆಯೇ ಬಂದಿದ್ದರು. ನಡುವಿನ ಎರಡು ಸಾಲು ಪೂರ್ತಿ ಹಳದಿಯಾಗಿದ್ದವು. ಎರಡೂ ಬದಿಗೆ, ಮರೀನಾ ಕಟ್ಟಿಕೊಟ್ಟ ಕಾಳಿನ ಗಿಡಗಳು ಹಸಿರಾಗಿ ಕಾಯಿ ಹೊತ್ತು ನಿಂತಿದ್ದವು. ಮಾವನವರಿಗೆ ಅದು ಸಾಲಲಿಲ್ಲ. ರೈತನ ಕೈ, ನನ್ನ ಕೈಯ ಹಾಗೆಯೇ. ಅವರು ಬಗ್ಗಿ ಒಂದು ಹಳದಿ ಗಿಡದ ಬುಡಕ್ಕೆ ಕೈ ಹಾಕಿದ್ದರು.

ಸುಜಿ ಓಡಿ ಹೋಗಿ ಅವರ ಕೈಗೆ ಜೋತುಬಿದ್ದಳು.

“ಕೀಳಬ್ಯಾಡ ತಾತಾ! ನಮ್ಮವ್ವ ಬೈತಾಳ!”

ನಾನು ಗಕ್ಕನೆ ಹಿಂದೆ ತಿರುಗಿ ನೋಡಿದೆ, ಮಸ್ಕಿಯಿಂದ ಅಕ್ಕ ಬಂದಳೇನೋ ಎಂದು. ಬದುವಿನ ಮೇಲೆ ನನ್ನನ್ನು ಬಿಟ್ಟು ಯಾರೂ ಇರಲಿಲ್ಲ.